ಐವತ್ತೊಂದರಲ್ಲಿ ಹತ್ತನೇ ಒಂದು ಪಾಲು

51ರಲ್ಲಿ ಶೇಕಡಾ 10 ಎಷ್ಟು? ಲೆಕ್ಕದ ಮೇಷ್ಟ್ರು ಕೇಳಿದ್ದರೆ 5.1 ಎಂದು ಹೇಳಿ ಕೂತುಬಿಡಬಹುದಿತ್ತು. ಆದರೆ ಆ 51 ಒಂದು ದೇಶದ ಸಂಸತ್ತಿನ ಸ್ಥಾನಗಳ ಸಂಖ್ಯೆಯಾಗಿದ್ದು, ಅದರಲ್ಲಿ ಕನಿಷ್ಠ ಶೇಕಡಾ 10ರಷ್ಟು ಮಹಿಳೆಯರಿರಬೇಕೆಂದು ಅಲ್ಲಿನ ಸಂವಿಧಾನ ಹೇಳಿದ್ದರೆ? ಐವರು ಹೆಂಗಸರು ಗೆದ್ದು ಬಂದಿದ್ದಾರೆ. ಉಳಿದ ದಶಮಾಂಶ ಒಂದನ್ನು ಕೈಬಿಡಬೇಕೋ, ಇಲ್ಲಾ ಅದನ್ನು ಪೂರ್ತಿ ಒಬ್ಬ ಹೆಂಗಸೆಂದು ಎಣಿಸಬೇಕೋ?

2021ರ ಏಪ್ರಿಲ್ ತಿಂಗಳಲ್ಲಿ, ದಕ್ಷಿಣ ಪೆಸಿಫಿಕ್ ಸಾಗರದ ಸಮೋವಾ ಎಂಬ ದ್ವೀಪರಾಷ್ಟ್ರದಲ್ಲಿ, ಒಂದು ಸರ್ಕಾರದ ಹಣೆಬರಹ ಈ ದಶಮಾಂಶದ ಮೇಲೆ ನಿಂತಿತ್ತು. ಸುಮಾರು ಎರಡು ಲಕ್ಷ ಜನರ ಪುಟ್ಟ ದೇಶ ಅದು. ಹೆಂಗಸರನ್ನು ಸಂಸತ್ತಿಗೆ ಕರೆತರಲೆಂದೇ ಮಾಡಿದ್ದ ಕಾನೂನು, ಆ ದೇಶದ ಮೊದಲ ಮಹಿಳಾ ಪ್ರಧಾನಿಯಾಗಬೇಕಿದ್ದವರ ದಾರಿಗೇ ಅಡ್ಡಲಾಗಿ ಬಂದು ನಿಂತಿತ್ತು. ಅವರು ಫಿಯಮೇ ನವೋಮಿ ಮತಾಫಾ. 2013ರಲ್ಲಿ ಆ ಕಾನೂನು ಬಂದಾಗ ಮಂತ್ರಿಮಂಡಲದಲ್ಲಿ ಅವರೂ ಇದ್ದರು ಎಂಬುದು ಈ ಕಥೆಯನ್ನು ಇನ್ನಷ್ಟು ಗೋಜಲು ಮಾಡುತ್ತದೆ.

ಫಿಯಮೇ ಅವರ ಬಗ್ಗೆ ಹೊರಗಿನ ಪತ್ರಿಕೆಗಳು ಬರೆದದ್ದರಲ್ಲಿ ಹೆಚ್ಚಿನವು 'ಮೊದಲ ಮಹಿಳೆ' ಎಂಬ ಎರಡು ಪದಗಳಲ್ಲೇ ಮುಗಿಯುತ್ತವೆ. ಮೊದಲ ಮಹಿಳಾ ಸಚಿವೆ, ಮೊದಲ ಮಹಿಳಾ ಉಪಪ್ರಧಾನಿ, ಮೊದಲ ಮಹಿಳಾ ಪ್ರಧಾನಿ. ಇದರಲ್ಲಿ ಸುಳ್ಳೇನಿಲ್ಲ. ಆದರೆ ಅವರ ಬದುಕನ್ನು ಹಿಂದಿನಿಂದ ಓದುತ್ತ ಬಂದರೆ ಬೇರೆಯದೇ ಒಂದು ಎಳೆ ಕೈಗೆ ಸಿಗುತ್ತದೆ. ಅದು ನ್ಯಾಯಾಲಯದ ಎಳೆ. ಇಪ್ಪತ್ತರ ಹರೆಯದಲ್ಲಿ ಅವರಿಗೆ ಮನೆತನದ ಪಟ್ಟ ದಕ್ಕಿದ್ದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ. ಅರುವತ್ತಮೂರರಲ್ಲಿ ಉಪಪ್ರಧಾನಿ ಹುದ್ದೆ ಬಿಟ್ಟದ್ದು ನ್ಯಾಯಾಲಯದ ಅಧಿಕಾರದ ಪ್ರಶ್ನೆಗಾಗಿ. ಅರುವತ್ತನಾಲ್ಕರಲ್ಲಿ ಪ್ರಧಾನಿ ಎಂದು ಮಾನ್ಯತೆ ಸಿಕ್ಕಿದ್ದೂ ನ್ಯಾಯಾಲಯದ ತೀರ್ಪಿನಿಂದ. ಅಧಿಕಾರ ಯಾರಿಗೆ ಸೇರಬೇಕು ಎನ್ನುವುದಕ್ಕಿಂತ, ಅದನ್ನು ಯಾರು, ಯಾವ ನಿಯಮದಂತೆ ತೀರ್ಮಾನಿಸಬೇಕು ಎನ್ನುವ ಪ್ರಶ್ನೆ ಅವರನ್ನು ಜೀವನದುದ್ದಕ್ಕೂ ಹಿಂಬಾಲಿಸಿದೆ.

ಹೆಸರಲ್ಲ, ಪಟ್ಟ

ಮೊದಲು ಹೆಸರಿನ ವಿಷಯ. 'ಫಿಯಮೇ' ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಅದೊಂದು ಪಟ್ಟ. ಉಪೊಲು ದ್ವೀಪದ ದಕ್ಷಿಣ ಕರಾವಳಿಯ ಲೊತೊಫಂಗಾ ಎಂಬ ಹಳ್ಳಿಗೆ ಸೇರಿದ ಪಟ್ಟ. ಅದನ್ನು ಪಡೆದವರು 'ಮತಾಯಿ', ಅಂದರೆ ವಿಸ್ತಾರವಾದ ಒಂದು ಕುಟುಂಬದ ಯಜಮಾನರು.

ಸಮೋವಾದಲ್ಲಿ ಕುಟುಂಬವೆಂದರೆ ಒಂದು ಸೂರಿನಡಿಯ ನಾಲ್ಕೈದು ಜನವಲ್ಲ. ಅವರು 'ಆಯಿಂಗಾ' ಎಂದು ಕರೆಯುವ ಬಂಧುಬಳಗದಲ್ಲಿ ನೂರಾರು ಜನರಿರುತ್ತಾರೆ. ದೇಶದ ಸುಮಾರು ಶೇಕಡಾ 80ರಷ್ಟು ಭೂಮಿ ಇಂಥ ಕುಟುಂಬಗಳ ಸಾಮೂಹಿಕ ಒಡೆತನದಲ್ಲಿದೆ. ಅದನ್ನು ಮಾರುವಂತಿಲ್ಲ. ಆ ಭೂಮಿಯ ಮೇಲ್ವಿಚಾರಣೆ ಮತಾಯಿಯದು. ಹಳ್ಳಿಯ ಮತಾಯಿಗಳೆಲ್ಲ ಸೇರಿದ ಸಭೆಗೆ 'ಫೋನೊ' ಎನ್ನುತ್ತಾರೆ. ಊರಿನ ಕಟ್ಟುಪಾಡು, ದಂಡ, ಜಗಳದ ತೀರ್ಮಾನ ಎಲ್ಲವೂ ಅಲ್ಲೇ. ಮತಾಯಿ ಪಟ್ಟ ತಂದೆಯಿಂದ ಹಿರಿಯ ಮಗನಿಗೆ ತಾನಾಗಿ ಇಳಿದು ಬರುವುದಿಲ್ಲ. ಬಂಧುಗಳು ಕೂತು, ವಾದಿಸಿ, ಒಮ್ಮತಕ್ಕೆ ಬಂದು ಒಬ್ಬರನ್ನು ಆರಿಸಬೇಕು. ರಕ್ತಸಂಬಂಧ ಬೇಕು, ಆದರೆ ಅದೊಂದೇ ಸಾಲದು. ಕುಟುಂಬಕ್ಕಾಗಿ ದುಡಿದಿರಬೇಕು.

ಒಮ್ಮತ ಮುರಿದರೆ? ಅದಕ್ಕೆಂದೇ ಒಂದು ಪ್ರತ್ಯೇಕ ನ್ಯಾಯಾಲಯವಿದೆ: ಭೂಮಿ ಮತ್ತು ಪಟ್ಟಗಳ ನ್ಯಾಯಾಲಯ. ಇದರ ಬೇರು ಜರ್ಮನ್ನರ ಆಳ್ವಿಕೆಯ ಕಾಲದಲ್ಲಿ, 1903ರಲ್ಲಿ ಶುರುವಾದ ಒಂದು ಆಯೋಗದಲ್ಲಿದೆ. ಜರ್ಮನ್ನರು ಹೋದರು, ಅವರ ನಂತರ ಬಂದ ನ್ಯೂಜಿಲ್ಯಾಂಡಿನವರೂ ಹೋದರು, ಆದರೆ ಆ ನ್ಯಾಯಾಲಯ ಉಳಿಯಿತು. ಏಕೆಂದರೆ ಸಮೋವಾದಲ್ಲಿ ನೆಲದ ವ್ಯಾಜ್ಯ ಮತ್ತು ಪಟ್ಟದ ವ್ಯಾಜ್ಯ ಎರಡೂ ಮುಗಿಯುವಂಥವಲ್ಲ.

ಅಜ್ಜ, ಅಪ್ಪ, ಅಮ್ಮ

ನವೋಮಿ ಹುಟ್ಟಿದ್ದು 1957ರ ಏಪ್ರಿಲ್ 29ರಂದು, ರಾಜಧಾನಿ ಅಪಿಯಾದಲ್ಲಿ. ಆಗ ದೇಶ ಇನ್ನೂ ನ್ಯೂಜಿಲ್ಯಾಂಡಿನ ಆಡಳಿತದಲ್ಲಿತ್ತು. ಆ ಆಡಳಿತದ ನೆನಪು ಹಳ್ಳಿಹಳ್ಳಿಗಳಲ್ಲಿ ಕಹಿಯಾಗಿತ್ತು. 1918ರ ನವೆಂಬರ್‌ನಲ್ಲಿ 'ತಲೂನೆ' ಎಂಬ ಹಡಗು ಆಕ್ಲೆಂಡಿನಿಂದ ಇನ್‌ಫ್ಲುಯೆಂಜಾ ರೋಗಿಗಳನ್ನು ಹೊತ್ತು ಅಪಿಯಾಕ್ಕೆ ಬಂತು. ಅದನ್ನು ಹೊರಗೆ ತಡೆದು ನಿಲ್ಲಿಸಬೇಕಿದ್ದ ಅಧಿಕಾರಿಗಳು ಒಳಗೆ ಬಿಟ್ಟರು. ಕೆಲವೇ ವಾರಗಳಲ್ಲಿ ಸುಮಾರು 8,500 ಜನ, ಅಂದರೆ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ, ಸತ್ತರು. ಹಿರಿಯ ಮತಾಯಿಗಳ ಒಂದು ತಲೆಮಾರೇ ಹೋಯಿತು. ಆ ಸಿಟ್ಟು ಒಳಗೊಳಗೇ ಉರಿದು 1920ರ ದಶಕದಲ್ಲಿ 'ಮಾವು' ಎಂಬ ಅಹಿಂಸಾತ್ಮಕ ಸ್ವಾತಂತ್ರ್ಯ ಚಳವಳಿಯಾಯಿತು.

1929ರ ಡಿಸೆಂಬರ್ 28ರ ಶನಿವಾರ ಅಪಿಯಾದ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದ ಮಾವು ಚಳವಳಿಗಾರರ ಮೇಲೆ ನ್ಯೂಜಿಲ್ಯಾಂಡಿನ ಪೊಲೀಸರು ಗುಂಡು ಹಾರಿಸಿದರು. ನಾಯಕ ತುಪುವಾ ತಮಸೇಸೆ ಲಿಯಲೋಫಿ III ಗುಂಡೇಟು ತಿಂದು ತೀರಿಕೊಂಡರು. ಅವರ ನಂತರ ಚಳವಳಿಯನ್ನು ಮುನ್ನಡೆಸಿದವರಲ್ಲಿ ಮುಖ್ಯರು ಮತಾಫಾ ಫೌಮುಯಿನಾ ಮುಲಿನುವು I. ಇವರು ನವೋಮಿಯ ಅಜ್ಜ. ಗಂಡಸರು ಬಂಧನ ತಪ್ಪಿಸಿಕೊಳ್ಳಲು ಕಾಡು ಸೇರಿದಾಗ ಹೆಂಗಸರು ಮುಂದೆ ಬಂದರು. ಸತ್ತವರ ಮತ್ತು ತಲೆಮರೆಸಿಕೊಂಡವರ ಹೆಂಡಂದಿರು, ಅಕ್ಕತಂಗಿಯರು 'ಮಹಿಳೆಯರ ಮಾವು' ಕಟ್ಟಿ ಸಭೆ, ಮೆರವಣಿಗೆಗಳನ್ನು ನಡೆಸಿ ಚಳವಳಿ ಆರದಂತೆ ನೋಡಿಕೊಂಡರು. ಸಮೋವಾದ ರಾಜಕೀಯದಲ್ಲಿ ಹೆಂಗಸರ ಕಥೆ ಮೀಸಲು ಸ್ಥಾನಗಳಿಂದ ಶುರುವಾದದ್ದಲ್ಲ ಎಂಬುದನ್ನು ಇಲ್ಲೇ ನೆನಪಿನಲ್ಲಿಟ್ಟುಕೊಳ್ಳಬೇಕು.

1962ರ ಜನವರಿ 1ರಂದು ಸಮೋವಾ ಸ್ವತಂತ್ರವಾಯಿತು. ಪೆಸಿಫಿಕ್ ದ್ವೀಪಗಳಲ್ಲಿ ಮೊದಲು ಸ್ವಾತಂತ್ರ್ಯ ಪಡೆದ ದೇಶ ಅದೇ. ಪ್ರಧಾನಿ ಹುದ್ದೆಯಲ್ಲಿದ್ದವರು ನವೋಮಿಯ ತಂದೆ ಫಿಯಮೇ ಮತಾಫಾ ಫೌಮುಯಿನಾ ಮುಲಿನುವು II. ಮಗಳಿಗೆ ಆಗ ನಾಲ್ಕು ವರ್ಷ. ತಾಯಿ ಲಾವುಲು ಫೆತಾವುಯಿಮಲೆಮಾವು ಶಿಕ್ಷಕಿ, ಮಹಿಳಾ ಸಂಘಟನೆಗಳ ಮುಂದಾಳು. ಗಂಡ ತೀರಿಕೊಂಡ ನಂತರ ಅದೇ ಲೊತೊಫಂಗಾ ಕ್ಷೇತ್ರದಿಂದ ಅವರೂ ಸಂಸತ್ತಿಗೆ ಹೋದರು. ಮುಂದೆ ನ್ಯೂಜಿಲ್ಯಾಂಡಿನಲ್ಲಿ ತಮ್ಮ ದೇಶದ ರಾಜತಾಂತ್ರಿಕ ಪ್ರತಿನಿಧಿಯಾಗಿದ್ದರು.

ಹೀಗಾಗಿ ನವೋಮಿ ಬರಿಗೈಯಲ್ಲಿ ಬಂದವರಲ್ಲ. ದೊಡ್ಡ ಮನೆತನ, ಪ್ರಧಾನಿಯ ಮಗಳು, ಹನ್ನೊಂದನೇ ವಯಸ್ಸಿಗೆ ವೆಲಿಂಗ್ಟನ್ನಿನ ವಸತಿಶಾಲೆ, ಆಮೇಲೆ ಅಲ್ಲೇ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ರಾಜಕೀಯಶಾಸ್ತ್ರದ ಓದು. ಈ ಅನುಕೂಲಗಳನ್ನು ಮರೆಮಾಚಿ ಬರೆದರೆ ಅದು ಚರಿತ್ರೆಯಾಗದು, ಹೊಗಳಿಕೆಯಾಗುತ್ತದೆ. ಆದರೆ ಮನೆತನ ಬಾಗಿಲವರೆಗೆ ಕರೆತರುತ್ತದೆಯೇ ಹೊರತು ಒಳಗೆ ಕೂರಿಸುವುದಿಲ್ಲ. ಅದು ಅವರಿಗೆ ಬೇಗನೇ ಗೊತ್ತಾಯಿತು.

ಮನೆಮಗಳು ಮತ್ತು ಸೊಸೆ

1975ರ ಮೇ ತಿಂಗಳಲ್ಲಿ ತಂದೆ ತೀರಿಕೊಂಡಾಗ ನವೋಮಿಗೆ ಹದಿನೆಂಟು. ತಂದೆ ಹೊತ್ತಿದ್ದ ಪಟ್ಟಗಳು ಖಾಲಿಯಾದವು. ಯಾರಿಗೆ ಸೇರಬೇಕೆಂಬ ವಿವಾದ ಭೂಮಿ ಮತ್ತು ಪಟ್ಟಗಳ ನ್ಯಾಯಾಲಯಕ್ಕೆ ಹೋಯಿತು. ಓದನ್ನು ಅರ್ಧಕ್ಕೆ ನಿಲ್ಲಿಸಿ ನವೋಮಿ ಊರಿಗೆ ಮರಳಿದರು. 1978ರಲ್ಲಿ ಫಿಯಮೇ ಪಟ್ಟ ಅವರದಾಯಿತು. ಇಲ್ಲಿಂದಾಚೆಗೆ ಅವರು ಫಿಯಮೇ.

ಇಪ್ಪತ್ತು ದಾಟಿದ, ಮದುವೆಯಾಗದ ಹುಡುಗಿಯೊಬ್ಬಳು ಹಳ್ಳಿಯ ಹಿರಿಯ ಪಟ್ಟಕ್ಕೆ ಏರುವುದು ಆಗ ಸಣ್ಣ ಸಂಗತಿಯಾಗಿರಲಿಲ್ಲ. ಆದರೂ ಅದು ಸಂಪ್ರದಾಯವನ್ನು ಮುರಿದ ಘಟನೆ ಎಂದು ಓದಿದರೆ ತಪ್ಪಾದೀತು. ಸಮೋವಾದ ಸಂಪ್ರದಾಯದಲ್ಲಿ ಹೆಂಗಸಿನ ಸ್ಥಾನ ಒಂದಲ್ಲ, ಎರಡು. ಹುಟ್ಟಿದ ಮನೆಯಲ್ಲಿ ಆಕೆ ಸೋದರಿ. ಅಣ್ಣತಮ್ಮಂದಿರು ಆಕೆಗೆ ಗೌರವ ಕೊಡಬೇಕು, ಕಾಯಬೇಕು, ಆಕೆಯ ಮಾತಿಗೆ ಬೆಲೆ ಕೊಡಬೇಕು. 'ಫೆಯಂಗಾಯಿಂಗಾ' ಎಂದು ಕರೆಯುವ ಈ ಒಡಂಬಡಿಕೆ ಅಲ್ಲಿ ಬಹಳ ಪವಿತ್ರವಾದದ್ದು. ಆದರೆ ಅದೇ ಹೆಂಗಸು ಮದುವೆಯಾಗಿ ಗಂಡನ ಹಳ್ಳಿಗೆ ಹೋದರೆ ಆಕೆ 'ನೊಫೊತಾನೆ', ಅಂದರೆ ಗಂಡನ ಕಡೆಯಲ್ಲಿ ಇರುವವಳು. ಅಲ್ಲಿ ಆಕೆಯ ಪಾಲಿಗೆ ದುಡಿಮೆ ಹೆಚ್ಚು, ದನಿ ಕಡಿಮೆ.

ಮನೆಮಗಳಿಗೆ ಒಂದು ಮರ್ಯಾದೆ, ಸೊಸೆಗೆ ಇನ್ನೊಂದು ಎಂಬ ಈ ಇಬ್ಬಗೆ ನಮಗೆ ಅರ್ಥವಾಗದ ವಿಷಯವೇನಲ್ಲ. ಫಿಯಮೇ ಮದುವೆಯಾಗಲಿಲ್ಲ. ಲೊತೊಫಂಗಾಕ್ಕೆ ಅವರು ಎಂದೆಂದಿಗೂ ಮನೆಮಗಳೇ ಆಗಿ ಉಳಿದರು. ಅವರ ಬಲದ ಒಂದು ಬೇರು ಇಲ್ಲಿದೆ. ಆ ಬಲದ ಮಿತಿಯೂ ಇಲ್ಲೇ ಇದೆ, ಏಕೆಂದರೆ ಇದು ಎಲ್ಲ ಹೆಂಗಸರಿಗೂ ಸಿಗುವ ಬಲವಲ್ಲ. ಮತಾಯಿಗಳಲ್ಲಿ ಇಂದಿಗೂ ಹೆಂಗಸರು ತೀರಾ ಕಡಿಮೆ. ಹೆಂಗಸರ ಪಟ್ಟವನ್ನೇ ಒಪ್ಪದ ಹಳ್ಳಿಗಳೂ ಇವೆ. ಸಂಸತ್ತಿನ ಚುನಾವಣೆಗೆ ನಿಲ್ಲಬೇಕಾದರೆ ಮತಾಯಿಯಾಗಿರಲೇಬೇಕೆಂಬ ನಿಯಮ ಇಂದಿಗೂ ಹಾಗೆಯೇ ಇದೆ. ಅಂದರೆ ಸಂಸತ್ತಿನಲ್ಲಿ ಹೆಂಗಸರ ಸಂಖ್ಯೆ ಏಕೆ ಕಡಿಮೆ ಎಂಬ ಪ್ರಶ್ನೆಯ ಉತ್ತರ ಮತಗಟ್ಟೆಯಲ್ಲಿಲ್ಲ. ಅದಕ್ಕೂ ಹಿಂದೆ, ಹಳ್ಳಿಯಲ್ಲಿ ಪಟ್ಟ ಯಾರಿಗೆ ಕೊಡಬೇಕೆಂದು ಬಂಧುಗಳು ಕೂತು ಮಾತಾಡುವ ಚಾಪೆಯ ಮೇಲಿದೆ.

ಆಳುವವರ ಸಾಲಿನಲ್ಲಿ

1985ರಲ್ಲಿ ಫಿಯಮೇ ಲೊತೊಫಂಗಾದಿಂದ ಸಂಸತ್ತಿಗೆ ಆಯ್ಕೆಯಾದರು. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಅವರಿಗಿಂತ ಮೊದಲೇ, 1970ರಲ್ಲಿ, ತೌಲಪಾಪಾ ಫಾಯಿಮಾಲಾ ಫಿಲಿಪೊ ಎಂಬವರು ಗೆದ್ದು ಸಂಸತ್ತಿನ ಮೊದಲ ಮಹಿಳಾ ಸದಸ್ಯೆಯಾಗಿದ್ದರು. ಗಮನಿಸಬೇಕಾದ ಮಾತೆಂದರೆ, 1985ರಲ್ಲಿ ಸ್ಪರ್ಧಿಸುವ ಹಕ್ಕಷ್ಟೇ ಅಲ್ಲ, ಮತದಾನದ ಹಕ್ಕೂ ಹೆಚ್ಚುಕಡಿಮೆ ಮತಾಯಿಗಳಿಗೇ ಮೀಸಲಾಗಿತ್ತು. ಫಿಯಮೇ ಅವರನ್ನು ಮೊದಲ ಸಲ ಗೆಲ್ಲಿಸಿದ ಮತದಾರರು ಪಟ್ಟ ಹೊತ್ತವರು, ಅವರಲ್ಲಿ ಹೆಚ್ಚಿನವರು ಗಂಡಸರು. ಚುನಾವಣೆ ಹತ್ತಿರ ಬಂದಾಗ ವೋಟು ಹೆಚ್ಚಿಸಿಕೊಳ್ಳಲೆಂದೇ ಪಟ್ಟಗಳನ್ನು ಹಂಚುವ ಚಾಳಿಯೂ ಆಗ ಬೆಳೆದಿತ್ತು. ಕೊನೆಗೆ 1990ರ ಜನಮತಗಣನೆಯಲ್ಲಿ, ಸಣ್ಣ ಅಂತರದಲ್ಲಿ, 21 ವರ್ಷ ತುಂಬಿದ ಎಲ್ಲರಿಗೂ ಮತದಾನದ ಹಕ್ಕು ಸಿಕ್ಕಿತು. ಸ್ಪರ್ಧಿಸುವ ಹಕ್ಕು ಮಾತ್ರ ಮತಾಯಿಗಳಲ್ಲೇ ಉಳಿಯಿತು.

ಹೊಸ ಪದ್ಧತಿಯಲ್ಲಿ ನಡೆದ 1991ರ ಮೊದಲ ಚುನಾವಣೆಯ ನಂತರ ಫಿಯಮೇ ಶಿಕ್ಷಣ ಸಚಿವೆಯಾದರು. ಸಂಪುಟ ಸೇರಿದ ಮೊದಲ ಮಹಿಳೆ. ಅದೇ ವರ್ಷ ಡಿಸೆಂಬರ್‌ನಲ್ಲಿ 'ವಾಲ್' ಚಂಡಮಾರುತ ಬಂತು. ಅದರ ಹಿಂದಿನ ವರ್ಷವಷ್ಟೇ 'ಓಫಾ' ಬಂದುಹೋಗಿತ್ತು. ಎರಡು ಚಂಡಮಾರುತಗಳ ನಡುವೆ ದೇಶದ ಶಾಲಾ ಕಟ್ಟಡಗಳು ಜರ್ಝರಿತವಾಗಿದ್ದವು. ಆ ಖಾತೆಯನ್ನು ಅವರು ಹದಿನೈದು ವರ್ಷ ನಡೆಸಿದರು. ಆಮೇಲೆ ಮಹಿಳಾ ಮತ್ತು ಸಮುದಾಯ ಅಭಿವೃದ್ಧಿ, 2011ರಿಂದ ಐದು ವರ್ಷ ನ್ಯಾಯಾಂಗ ಖಾತೆ. 2016ರಲ್ಲಿ ಉಪಪ್ರಧಾನಿ.

ಈ ಇಡೀ ಅವಧಿಯಲ್ಲಿ ಅವರಿದ್ದದ್ದು ಮಾನವ ಹಕ್ಕುಗಳ ಸಂರಕ್ಷಣಾ ಪಕ್ಷದಲ್ಲಿ. ಹೆಸರು ಚಳವಳಿಯಂತೆ ಕೇಳಿಸಿದರೂ ಅದು 1980ರ ದಶಕದಿಂದ ಒಂದು ಸಣ್ಣ ಅಡಚಣೆ ಬಿಟ್ಟರೆ ನಿರಂತರವಾಗಿ ಆಳಿದ ಪಕ್ಷ. 1998ರಿಂದ ಅದರ ನಾಯಕ, ದೇಶದ ಪ್ರಧಾನಿ ತುಯಿಲಯೇಪಾ ಸೈಲೆಲೆ ಮಲಿಯೆಲೆಂಗಾವೊಯಿ. ಆಡಳಿತದ ಪಟ್ಟುಗಳನ್ನೆಲ್ಲ ಬಲ್ಲವರು. ವಿರೋಧ ಪಕ್ಷ ಎಂಬುದೇ ಕಾಣದಷ್ಟು ಸಂಸತ್ತು ಅವರ ಹಿಡಿತದಲ್ಲಿತ್ತು. ಆ ಹಿಡಿತ ಬಿಗಿಯಾದ ವರ್ಷಗಳಲ್ಲಿ ಫಿಯಮೇ ಸರ್ಕಾರದ ಒಳಗೇ ಇದ್ದರು. ಅವರನ್ನು ಮೆಚ್ಚುವವರು ಈ ಮಾತನ್ನು ಬೇಗ ದಾಟಿಕೊಂಡು ಹೋಗುತ್ತಾರೆ. ಆದರೆ ಮುಂದೆ ನಡೆದದ್ದರ ತೂಕ ತಿಳಿಯಬೇಕಾದರೆ ಇದನ್ನು ದಾಟಬಾರದು. ಹೊರಗಿನಿಂದ ಕಲ್ಲು ಹೊಡೆಯುವುದು ಸುಲಭ. ಮೂವತ್ತು ವರ್ಷ ವಾಸವಿದ್ದ ಮನೆಯಿಂದ ಎದ್ದು ಬರುವುದು ಬೇರೆಯೇ ಕೆಲಸ.

ಎದ್ದು ಬಂದ ದಿನ

2020ರಲ್ಲಿ ತುಯಿಲಯೇಪಾ ಸರ್ಕಾರ ಮೂರು ಮಸೂದೆಗಳನ್ನು ತಂದಿತು. ಮೂರರ ಒಟ್ಟು ತಾತ್ಪರ್ಯ ಇಷ್ಟು: ಭೂಮಿ ಮತ್ತು ಪಟ್ಟಗಳ ನ್ಯಾಯಾಲಯ ಇನ್ನು ಮುಂದೆ ಸುಪ್ರೀಂ ಕೋರ್ಟಿನ ಪರಾಮರ್ಶೆಗೆ ಒಳಪಡುವುದಿಲ್ಲ. ಅದಕ್ಕೆ ತನ್ನದೇ ಮೇಲ್ಮನವಿ ಪೀಠವಿರುತ್ತದೆ. ಅದರ ಮಾತೇ ಕೊನೆ.

ಸರ್ಕಾರದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಂವಿಧಾನ ವ್ಯಕ್ತಿಯ ಹಕ್ಕುಗಳನ್ನು ಎತ್ತಿ ಹಿಡಿಯುತ್ತದೆ, ಆದರೆ ಸಮೋವಾದ ಬದುಕು ನಿಂತಿರುವುದು ಕುಟುಂಬದ, ಹಳ್ಳಿಯ ಸಾಮೂಹಿಕ ಹಕ್ಕುಗಳ ಮೇಲೆ. ಪರದೇಶದಿಂದ ಬಂದ ಕಾನೂನಿನ ಕಣ್ಣಿನಿಂದ ನಮ್ಮ ಪದ್ಧತಿಯನ್ನು ಏಕೆ ಅಳೆಯಬೇಕು ಎಂಬುದು ಆ ವಾದ. ವಸಾಹತು ಆಳ್ವಿಕೆಯನ್ನು ಕಂಡ ಯಾವ ಸಮಾಜಕ್ಕೂ ಇದು ತಟ್ಟುವ ಮಾತೇ. ಆದರೆ ವಕೀಲರೂ ನ್ಯಾಯಾಧೀಶರೂ ತೋರಿಸಿದ ಅಪಾಯ ಇನ್ನೊಂದಿತ್ತು. ಹಳ್ಳಿಯ ಸಭೆ ಒಬ್ಬರನ್ನು ಊರಿನಿಂದ ಹೊರಹಾಕಿದರೆ, ಮೂಲಭೂತ ಹಕ್ಕಿಗೆ ಧಕ್ಕೆಯಾಯಿತೆಂದು ಅವರು ಸುಪ್ರೀಂ ಕೋರ್ಟಿಗೆ ಹೋಗಲು ಇದ್ದ ದಾರಿ ಮುಚ್ಚಿಹೋಗುತ್ತದೆ. ನ್ಯಾಯಾಂಗ ಇಬ್ಭಾಗವಾಗುತ್ತದೆ.

ಫಿಯಮೇ ಈ ಎರಡೂ ಲೋಕಗಳಿಗೆ ಸೇರಿದವರು. ಅವರಿಗೆ ಪಟ್ಟ ಬಂದದ್ದು ಇದೇ ಭೂಮಿ ಮತ್ತು ಪಟ್ಟಗಳ ನ್ಯಾಯಾಲಯದ ಹಾದಿಯಲ್ಲಿ. ಐದು ವರ್ಷ ನ್ಯಾಯಾಂಗ ಸಚಿವೆಯಾಗಿ ಅದರ ಆಡಳಿತವನ್ನು ನೋಡಿಕೊಂಡಿದ್ದರು. ಪದ್ಧತಿಯನ್ನು ಅವರು ಎಂದೂ ಹೊರಗಿನವರಂತೆ ನೋಡಿದವರಲ್ಲ. ಬಹುಶಃ ಅದಕ್ಕೇ, ಪದ್ಧತಿಯ ಹೆಸರಿನಲ್ಲಿ ಪ್ರಶ್ನೆಗೆ ಸಿಗದ ಅಧಿಕಾರವೊಂದು ಕಟ್ಟಿಕೊಳ್ಳುತ್ತಿದ್ದುದು ಅವರಿಗೆ ಬೇಗ ಕಂಡಿತು. 2020ರ ಸೆಪ್ಟೆಂಬರ್‌ನಲ್ಲಿ ಅವರು ಉಪಪ್ರಧಾನಿ ಹುದ್ದೆಗೆ ರಾಜೀನಾಮೆ ಕೊಟ್ಟರು. ಮಸೂದೆಗಳು ಡಿಸೆಂಬರ್‌ನಲ್ಲಿ ಪಾಸಾದವು. 2021ರ ಆರಂಭದಲ್ಲಿ ಅವರು ಲಾವುಲಿ ಲೆವುವಾತೆಯಾ ಶ್ಮಿಟ್ ಎಂಬ ಮಾಜಿ ಮಂತ್ರಿ ಕಟ್ಟಿದ್ದ 'ಫಾಸ್ಟ್' ಎಂಬ ಹೊಸ ಪಕ್ಷ ಸೇರಿದರು. ಮಾರ್ಚ್‌ನಲ್ಲಿ ಅದರ ನಾಯಕಿಯಾದರು.

ದಶಮಾಂಶ ಒಂದು

2021ರ ಏಪ್ರಿಲ್ 9ರಂದು ಚುನಾವಣೆ ನಡೆಯಿತು. ಒಂದು ವರ್ಷವೂ ತುಂಬದ ಪಕ್ಷ, ನಾಲ್ಕು ದಶಕದ ಪಕ್ಷದೊಡನೆ ಸರಿಸಮ ನಿಂತಿತು: 25ಕ್ಕೆ 25. ಉಳಿದದ್ದು ಒಬ್ಬ ಪಕ್ಷೇತರ, ತುವಾಲಾ ಯೊಸೆಫೊ ಪೋನಿಫಾಸಿಯೊ. ಅವರು ಯಾವ ಕಡೆಗೋ ಸರ್ಕಾರ ಆ ಕಡೆಗೆ.

ಪಕ್ಷೇತರರು ಬಾಯಿ ಬಿಡುವ ಹಿಂದಿನ ದಿನ, ಏಪ್ರಿಲ್ 20ರಂದು, ಚುನಾವಣಾ ಆಯುಕ್ತರ ಕಚೇರಿಯಿಂದ ಒಂದು ಪ್ರಕಟಣೆ ಬಂತು. 2013ರ ತಿದ್ದುಪಡಿಯಂತೆ ಸಂಸತ್ತಿನಲ್ಲಿ ಕನಿಷ್ಠ ಶೇಕಡಾ 10 ಮಹಿಳೆಯರಿರಬೇಕು. ಗೆದ್ದವರು ಐವರು. 51ಕ್ಕೆ ಐದು ಎಂದರೆ ಶೇಕಡಾ 9.8. ಸಾಲದು. ಆದ್ದರಿಂದ ಸೋತ ಮಹಿಳೆಯರಲ್ಲಿ ಮುಂದಿದ್ದ ಅಲಿಯಿಮಲೆಮನು ಅಲೋಫಾ ತುವುವಾವು ಅವರನ್ನು ಹೆಚ್ಚುವರಿ ಸದಸ್ಯೆಯಾಗಿ ಸೇರಿಸಲಾಗಿದೆ. ಅವರು ಆಡಳಿತ ಪಕ್ಷದವರು. ಮರುದಿನ ಪಕ್ಷೇತರ ಸದಸ್ಯ ಫಾಸ್ಟ್ ಕಡೆ ಬಂದರೂ ಲೆಕ್ಕ 26ಕ್ಕೆ 26 ಆಯಿತು.

ತೊಡಕು ಹುಟ್ಟಿದ್ದು ಕಾನೂನಿನ ಒಂದೇ ವಾಕ್ಯದಲ್ಲಿ. ತಿದ್ದುಪಡಿ ಮಾಡಿದಾಗ ಸಂಸತ್ತಿನಲ್ಲಿ 49 ಸ್ಥಾನಗಳಿದ್ದವು. ಶೇಕಡಾ 10 ಎಂದರೆ 4.9, ಸುಮಾರು ಐದು. ಹಾಗಾಗಿ 'ಸದ್ಯಕ್ಕೆ ಇದು ಐದು' ಎಂಬ ಅರ್ಥದ ಮಾತನ್ನೂ ಅದರಲ್ಲಿ ಸೇರಿಸಿದ್ದರು. 2016ರಲ್ಲಿ ನಾಲ್ವರು ಹೆಂಗಸರು ಗೆದ್ದಾಗ ಒಬ್ಬರನ್ನು ಸೇರಿಸಲಾಗಿತ್ತು, ಯಾರೂ ತಕರಾರು ಎತ್ತಿರಲಿಲ್ಲ. ಆಮೇಲೆ ಸ್ಥಾನಗಳು 51 ಆದವು, ಆದರೆ 'ಐದು' ಹಾಗೆಯೇ ಉಳಿಯಿತು. ಶೇಕಡಾವಾರು ನೋಡಿದರೆ ಆರು, ಅಕ್ಷರ ನೋಡಿದರೆ ಐದು.

ಮೇ 4ರಂದು ರಾಷ್ಟ್ರದ ಮುಖ್ಯಸ್ಥರು, ಸಂಸತ್ತು ಸಮಬಲವಾಗಿದೆ ಎಂಬ ಕಾರಣಕ್ಕೆ ಮರುಚುನಾವಣೆ ಘೋಷಿಸಿದರು. ಮೇ 17ರಂದು ಸುಪ್ರೀಂ ಕೋರ್ಟು ಹೆಚ್ಚುವರಿ ಸ್ಥಾನವನ್ನೂ ಮರುಚುನಾವಣೆಯನ್ನೂ ರದ್ದುಮಾಡಿತು. ಮೇ 24ಕ್ಕೆ ಸಂಸತ್ತು ಸೇರಬೇಕೆಂದು ಕರೆ ಹೋಯಿತು. 22ರ ರಾತ್ರಿ ಆ ಕರೆ ಹಿಂದೆಗೆಯಲಾಯಿತು. 23ರ ಭಾನುವಾರ, ಇಡೀ ದೇಶವೇ ಚರ್ಚಿನಲ್ಲಿರುವ ದಿನ, ನ್ಯಾಯಾಧೀಶರು ಕೂತು ಹಿಂದೆಗೆತ ಕಾನೂನಿಗೆ ವಿರುದ್ಧ ಎಂದರು. ಅಷ್ಟಾದರೂ 24ರ ಬೆಳಿಗ್ಗೆ ಮುಖ್ಯ ನ್ಯಾಯಮೂರ್ತಿ ಸತಿಯು ಸಿಮಾತಿವಾ ಪೆರೆಸೆ ಸಂಸತ್ ಭವನಕ್ಕೆ ನಡೆದು ಬಂದಾಗ ಬಾಗಿಲಿಗೆ ಬೀಗ. ಸ್ಪೀಕರ್ ಬೀಗ ಹಾಕಿಸಿದ್ದರು. ನ್ಯಾಯಮೂರ್ತಿ ಹಿಂತಿರುಗಿ ಹೋದರು.

ಫಿಯಮೇ ಮತ್ತು ಅವರ ಸದಸ್ಯರು ಹೋಗಲಿಲ್ಲ. ಭವನದ ಮುಂದಿನ ಹುಲ್ಲುಹಾಸಿನಲ್ಲಿ ಶಾಮಿಯಾನ ಹಾಕಿಸಿದರು. ದಿನವಿಡೀ ಕಾದು, ಸಂಜೆಯ ಹೊತ್ತಿಗೆ ಅಲ್ಲೇ ಪ್ರಮಾಣವಚನ ಸ್ವೀಕರಿಸಿದರು. ರಾಷ್ಟ್ರದ ಮುಖ್ಯಸ್ಥರೂ ಇರಲಿಲ್ಲ, ಮುಖ್ಯ ನ್ಯಾಯಮೂರ್ತಿಯೂ ಇರಲಿಲ್ಲ. ಒಂದು ಕಡೆಯವರು ಇದನ್ನು ದೇಶದ್ರೋಹ ಎಂದರು. ಬೀಗ ಹಾಕಿದ್ದೇ ಕ್ಷಿಪ್ರಕ್ರಾಂತಿ ಎಂದು ಇನ್ನೊಂದು ಕಡೆಯವರು. ಎರಡು ತಿಂಗಳು ದೇಶಕ್ಕೆ ಇಬ್ಬರು ಪ್ರಧಾನಿಗಳಿದ್ದಂತಾಯಿತು. ಇಂಥ ಹೊತ್ತಿನಲ್ಲಿ ಬೀದಿಯಲ್ಲಿ ರಕ್ತ ಹರಿದ ದೇಶಗಳು ಎಷ್ಟಿಲ್ಲ? ಸಮೋವಾದಲ್ಲಿ ಒಂದು ಗುಂಡೂ ಹಾರಲಿಲ್ಲ. ಜುಲೈ 23ರಂದು ಮೇಲ್ಮನವಿ ನ್ಯಾಯಾಲಯ ಶಾಮಿಯಾನದೊಳಗಿನ ಪ್ರಮಾಣವಚನ ಸಿಂಧು, ಮೇ 24ರಿಂದಲೇ ಫಿಯಮೇ ಅವರದು ಕಾನೂನುಬದ್ಧ ಸರ್ಕಾರ ಎಂದಿತು. ಮೂರು ದಿನಗಳ ನಂತರ ತುಯಿಲಯೇಪಾ ಸೋಲೊಪ್ಪಿಕೊಂಡರು.

ಆ ದಶಮಾಂಶದ ಗತಿ ಏನಾಯಿತು? ಈ ಕಥೆ ಹೇಳುವವರು ಹೆಚ್ಚಾಗಿ ಬಿಟ್ಟುಬಿಡುವ ಭಾಗ ಇದು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದೂ ಇದೇ. ಜೂನ್ 2ರಂದೇ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಶೇಕಡಾ 10 ಕನಿಷ್ಠ ಎಂದ ಮೇಲೆ ಅದಕ್ಕಿಂತ ಕಡಿಮೆ ಇರಕೂಡದು, ಆದ್ದರಿಂದ ಆರು ಮಹಿಳೆಯರು ಇರಲೇಬೇಕು. ಅಂದರೆ ಲೆಕ್ಕದಲ್ಲಿ ಅಲಿಯಿಮಲೆಮನು ಅವರ ಕಡೆಯ ವಾದವೇ ಸರಿ. ಆದರೆ ಆ ಸ್ಥಾನ ತುಂಬುವುದು ಚುನಾವಣಾ ತಕರಾರುಗಳೂ ಉಪಚುನಾವಣೆಗಳೂ ಮುಗಿದು, ಗೆದ್ದ ಹೆಂಗಸರು ಎಷ್ಟೆಂದು ಖಚಿತವಾದ ಮೇಲೆ. ಫಿಯಮೇ ಅವರ ಪಕ್ಷಕ್ಕೆ ಆ ಹೊತ್ತಿಗೆ ಬೇಕಿದ್ದದ್ದು ಐದು. ನ್ಯಾಯಾಲಯ ಆರು ಎಂದಿತು, ಹೇಳಿದ್ದು ಹಾಗೆಯೇ ನಿಂತಿತು. ಮೀಸಲು ಉಳಿಯಿತು, ಅದನ್ನು ದಾಳವಾಗಿ ಬಳಸುವ ದಾರಿ ಮುಚ್ಚಿತು. ಹೆಂಗಸರ ಹೆಸರಿನಲ್ಲಿ ಮಾಡಿದ ಕಾನೂನು ಯಾರ ಕೈಯಲ್ಲಿ ಯಾವ ಆಯುಧವಾದೀತು ಎಂದು ಹೇಳಲು ಬರುವುದಿಲ್ಲ. ಅದನ್ನು ಕಿತ್ತೆಸೆಯುವುದು ಪರಿಹಾರವಲ್ಲ. ಯಾವಾಗ, ಹೇಗೆ ಎಂಬುದನ್ನು ಪಕ್ಷಗಳ ಅವಸರಕ್ಕೆ ಬಿಡದೆ ನಿಯಮಕ್ಕೆ ಕಟ್ಟುವುದು ಪರಿಹಾರ.

ಸೋಲಿನ ರೀತಿ

ಪ್ರಧಾನಿಯಾಗಿ ಫಿಯಮೇ ಅವರ ನಾಲ್ಕು ವರ್ಷ ಪವಾಡದ ಕಾಲವೇನಲ್ಲ. ಸಣ್ಣ ದೇಶದ ಸಾಲದ ಹೊರೆ ನೋಡಿ, ಚೀನಾದ ನೆರವಿನಿಂದ ವಾಯುಸು ಕೊಲ್ಲಿಯಲ್ಲಿ ಕಟ್ಟಬೇಕೆಂದಿದ್ದ ದೊಡ್ಡ ಬಂದರಿನ ಯೋಜನೆಯನ್ನು ಕೈಬಿಟ್ಟರು. ಹಣಕಾಸು ಖಾತೆಯನ್ನು ಮುಲಿಪೋಲಾ ಅನರೋಸಾ ಎಂಬ ಮಹಿಳೆಗೆ ವಹಿಸಿದರು. ಏರುತ್ತಿರುವ ಕಡಲಿನ ಬಗ್ಗೆ ಲೋಕದ ವೇದಿಕೆಗಳಲ್ಲಿ ದ್ವೀಪಗಳ ಪರ ಮಾತಾಡಿದರು. 2024ರ ಅಕ್ಟೋಬರ್‌ನಲ್ಲಿ ಕಾಮನ್‌ವೆಲ್ತ್ ದೇಶಗಳ ಮುಖ್ಯಸ್ಥರ ಸಮಾವೇಶ ಅಪಿಯಾದಲ್ಲಿ ನಡೆಯಿತು.

ಬಿರುಕು ಬಂದದ್ದು ಒಳಗಿನಿಂದ. 2025ರ ಜನವರಿಯಲ್ಲಿ ಪಕ್ಷದ ಅಧ್ಯಕ್ಷ ಲಾವುಲಿ ಅವರ ಮೇಲೆ ಕ್ರಿಮಿನಲ್ ಆರೋಪ ದಾಖಲಾಯಿತು. ಅವರು ಮಂತ್ರಿ ಸ್ಥಾನ ಬಿಡಲೊಪ್ಪದಾಗ ಫಿಯಮೇ ವಜಾ ಮಾಡಿದರು. ಲಾವುಲಿ ಬಣ ಅವರನ್ನೇ ಪಕ್ಷದಿಂದ ಹೊರಹಾಕಿತು. ಎರಡು ಅವಿಶ್ವಾಸ ಗೊತ್ತುವಳಿಗಳನ್ನು ಅವರು ಗೆದ್ದರು. ಆದರೆ ಮೇ ತಿಂಗಳಲ್ಲಿ ಬಜೆಟ್ ಬಿದ್ದುಹೋಯಿತು. ಬಜೆಟ್ ಪಾಸು ಮಾಡಲಾರದ ಸರ್ಕಾರ ಇರಬಾರದೆಂಬುದು ಹಳೆಯ ನಿಯಮ. ಅವರು ಸಂಸತ್ತು ವಿಸರ್ಜಿಸುವಂತೆ ಕೇಳಿಕೊಂಡರು. ಆಗಸ್ಟ್ 29ರ ಚುನಾವಣೆಯಲ್ಲಿ ಅವರ ಹೊಸ ಪಕ್ಷಕ್ಕೆ ಸಿಕ್ಕಿದ್ದು ಮೂರೇ ಸ್ಥಾನ. ಲೊತೊಫಂಗಾ ಅವರನ್ನು ಕೈಬಿಡಲಿಲ್ಲ. ಲಾವುಲಿ ಪ್ರಧಾನಿಯಾದರು.

ಇದನ್ನು ದುರಂತವೆಂದು ಬರೆಯಲು ನನಗೆ ಮನಸ್ಸಿಲ್ಲ. 2021ರಲ್ಲಿ ಅಧಿಕಾರ ಕೈಬದಲಾಗಲು ಬೀಗ, ಶಾಮಿಯಾನ, ನ್ಯಾಯಾಲಯಗಳ ತೀರ್ಪಿನ ಮೇಲೆ ತೀರ್ಪು ಬೇಕಾಯಿತು. 2025ರಲ್ಲಿ ಸೋತವರು ಎದ್ದು ಹೋದರು, ಗೆದ್ದವರು ಬಂದು ಕೂತರು. ಸುದ್ದಿಯಾಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಪ್ರಧಾನಿಯ ಕುರ್ಚಿ ಬಿಟ್ಟ ಫಿಯಮೇ, 1985ರಲ್ಲಿ ಹೇಗೆ ಬಂದಿದ್ದರೋ ಹಾಗೆ, ಲೊತೊಫಂಗಾದ ಸದಸ್ಯೆಯಾಗಿ ಮತ್ತೆ ಅದೇ ಭವನದೊಳಗೆ ಹೋದರು. ಈ ಸಲ ಬಾಗಿಲು ತೆರೆದಿತ್ತು.